ಸೀಸೆಯೊಳಗಿನ ಗುಳ್ಳೆಗಳು

ನಮ್ಮಪ್ಪನದು ಕಂಪ್ಲಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ. ಟ್ಯೂಬಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎದ್ದ ಕಡೆ ಬೆರಳಿಟ್ಟು "ಸಿಕ್ಕ ನೋಡು ಕಳ್ಳ" ಎನ್ನುವುದು ಅವರ ದಿನದ ಕೆಲಸ. ನಾನೋ ಸಂಡೂರಿನ ಗಣಿ ಕಚೇರಿಯ ಗುಮಾಸ್ತ. ಆರಡಿ ಉದ್ದ, ಊದಿದರೆ ಹಾರಿಹೋಗುವ ಮೈ.

ಒಂದು ಬೆಳಿಗ್ಗೆ ಬಸ್ಸು ಹತ್ತುವಾಗ ಬಲಗಡೆ ಎದೆಯಲ್ಲಿ ಚುಚ್ಚಿದಂತಾಯಿತು. ಉಸಿರು ಅರ್ಧಕ್ಕೇ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹೊಸಪೇಟೆಯ ಆಸ್ಪತ್ರೆಯಲ್ಲಿ ಮಲಗಿದ್ದೆ. ಪಕ್ಕೆಲುಬುಗಳ ನಡುವೆ ನಳಿಕೆ ತೂರಿಸಿ, ಅದರ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ನೀರಿನ ಸೀಸೆಯಲ್ಲಿ ಮುಳುಗಿಸಿದ್ದರು. ನನ್ನ ಎದೆಯೊಳಗಿನ ಗಾಳಿ ಅಲ್ಲಿ ಗುಳ್ಳೆಗಳಾಗಿ ಏಳುತ್ತಿತ್ತು.

ಡಾಕ್ಟರ್ ಮೇಡಂ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಅಪ್ಪನಿಗೆ ವಿವರಿಸಿದರು. ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವೆ ಗಾಳಿ ಇರಬಾರದು. ಅಲ್ಲಿ ಸೇರಿಕೊಂಡರೆ ಶ್ವಾಸಕೋಶ ಮುದುಡುತ್ತದೆ. ಅದಕ್ಕೆ ನ್ಯುಮೋಥೊರಾಕ್ಸ್ ಎನ್ನುತ್ತಾರೆ. ಅದರಲ್ಲೂ ಬಗೆಗಳಿವೆ ಎಂದದ್ದೇ ತಡ, ಅಪ್ಪ ಮುಂದೆ ಬಾಗಿದರು.

"ಪೆಟ್ಟು ಬಿದ್ದು ಆಗೋದು ಒಂದು," ಎಂದರು ಮೇಡಂ.

"ಮೊಳಿ ಹೊಡದಂಗ."

"ಟಿಬಿ, ದಮ್ಮು ಇದ್ದವರಿಗೆ ಆಗೋದು ಇನ್ನೊಂದು."

"ಹಳೇ ಟ್ಯೂಬು. ಮೈಯೆಲ್ಲಾ ಸವದಿರ್ತೈತಿ."

"ನಿಮ್ಮ ಮಗನದು ಅದ್ಯಾವುದೂ ಅಲ್ಲ, ತಾನಾಗೇ ಆಗಿದ್ದು. ಉದ್ದಕ್ಕೆ, ಸಣ್ಣಗೆ ಇರೋ ಹುಡುಗರಲ್ಲಿ ಜಾಸ್ತಿ."

"ಹೊಸಾ ಟ್ಯೂಬ ಒಂದ್ ಕಡಿ ತೆಳ್ಳಗ ಬಂದಿರ್ತೈತ್ರಿ. ಕಂಪನಿ ತಪ್ಪು."

ಕಂಪನಿ ಯಾರೆಂದು ನಾನು ಕೇಳಲಿಲ್ಲ. ಮೇಡಂ ನಕ್ಕರು. ಆದರೆ ಕೊನೆಯ ಬಗೆ ಹೇಳುವಾಗ ನಗಲಿಲ್ಲ. ಗಾಳಿ ಒಳಗೆ ಸೇರುತ್ತಲೇ ಇದ್ದು ಹೊರಬರದಿದ್ದರೆ ಹೃದಯವನ್ನೂ ಒತ್ತಿಬಿಡುತ್ತದೆ, ಜೀವಕ್ಕೇ ಅಪಾಯ. ನನ್ನ ಗುಳ್ಳೆಗಳು ತಾವಾಗಿ ನಿಂತು ಶ್ವಾಸಕೋಶ ಅರಳಿದರೆ ಸರಿ. ಐದಾರು ದಿನಕ್ಕೂ ನಿಲ್ಲದಿದ್ದರೆ ಬಳ್ಳಾರಿಯಲ್ಲಿ ಆಪರೇಷನ್ ಎಂದರು.

ಅಪ್ಪ ಅಂಗಡಿಗೆ ಬೀಗ ಹಾಕಿ ಸೀಸೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೈ ಸುಮ್ಮನಿರಬೇಕಲ್ಲ! ಎರಡನೇ ದಿನ, ಇಷ್ಟು ಗುಳ್ಳೆ ಬರುತ್ತಿದೆಯೆಂದರೆ ನಳಿಕೆಯೇ ಎಲ್ಲೋ ಲೀಕಾಗಿದೆ ಎಂದುಕೊಂಡು ಅದನ್ನು ಮಡಚಿ ಗಟ್ಟಿಯಾಗಿ ಹಿಡಿದರು. ಗುಳ್ಳೆ ನಿಂತಿತು.

"ನೋಡಲೇ, ಬಂದ್ ಆತು!"

ನನ್ನ ಎದೆ ಬಿಗಿಯತೊಡಗಿತು. ನರ್ಸಮ್ಮ ಓಡಿಬಂದು ಅವರ ಕೈಮೇಲೆ ಪಟ್ಟನೆ ಬಾರಿಸಿದರು. "ಏನ್ ಮಾಡಾಕತ್ತೀರಿ ಯಜಮಾನ್ರ? ಆ ಗಾಳಿ ಹೊರಗ ಬರ್ಬೇಕ್ರಿ! ಮೇಡಂ ಹೇಳಿದ ಕೊನೇದು ಐತಲ್ಲ, ಅದನ್ನ ನೀವ ತರ್ತಿದ್ರಿ!"

ಅಪ್ಪ ಕೈಬಿಟ್ಟರು. ಗುಳ್ಳೆಗಳು ಬುಳಬುಳನೆ ಎದ್ದವು, ನನ್ನ ಉಸಿರು ಸಡಿಲಾಯಿತು. ನನಗೆ ಕೆಂಡದಂಥ ಸಿಟ್ಟು ಬಂದಿತ್ತು. ಆದರೆ ಅವರು ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಕೂತದ್ದನ್ನು ನೋಡಿ ಅದೆಲ್ಲ ಇಳಿದುಹೋಯಿತು.

ಐದನೇ ದಿನ ಬೆಳಿಗ್ಗೆ ಮೇಡಂ ನನಗೆ ಕೆಮ್ಮಲು ಹೇಳಿದರು. ಕೆಮ್ಮಿದೆ. ಗುಳ್ಳೆ ಇಲ್ಲ. "ಇನ್ನೊಮ್ಮೆ, ಜೋರಾಗಿ." ಇಲ್ಲ. ಅಪ್ಪ ಗಡಬಡಿಸಿ ಎರಡೂ ಕೈ ಮೇಲೆತ್ತಿದರು.

"ನಾ ಮುಟ್ಟಿಲ್ರೀ!"

ಇಡೀ ವಾರ್ಡು ನಕ್ಕಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿತ್ತು. ಆಪರೇಷನ್ ಬೇಡ ಎಂದು ಹೇಳಿ ಮೇಡಂ ಮುಂದಿನ ಮಂಚಕ್ಕೆ ಹೋದರು.

ಅಪ್ಪ ಬಾಗಿ ನನ್ನ ಎದೆಗೆ ಕಿವಿಯಿಟ್ಟರು. ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ. "ಉಸಿರು ತಗೋಲೇ." ತೆಗೆದುಕೊಂಡೆ. "ಇನ್ನೊಂದ್." ಅವರ ಗಡ್ಡ ಚುಚ್ಚುತ್ತಿತ್ತು. ನನಗೆ ಬುದ್ಧಿ ಬಂದ ಮೇಲೆ ಅಪ್ಪ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಎರಡೂ ಕಡೆ ಕೇಳಿದ್ದಾಯಿತು, ಆದರೂ ಅವರು ತಲೆ ಎತ್ತಲಿಲ್ಲ. ನಾನೂ ಸಂತೋಷದಿಂದ ಉಸಿರು ಎಳೆಯುತ್ತಲೇ ಇದ್ದೆ.