ದೇಶ ಬಿಟ್ಟ ತಾರೀಖು

ಇಸ್ತ್ರಿಯಕ್ಕ ಎಂದರೆ ಆ ಲಾಂಡ್ರಿಯಲ್ಲಿ ತಿಳಿಯದವರಿಲ್ಲ. ಹೆತ್ತವರು ಇಟ್ಟ ಹೆಸರು ಪಾಸ್‌ಪೋರ್ಟಿಗೆ, ವೀಸಾಕ್ಕೆ, ಸಂಬಳದ ಚೀಟಿಗೆ ಮಾತ್ರ. ಮನುಷ್ಯರ ಬಾಯಲ್ಲಿ ಅವಳು ಇಸ್ತ್ರಿಯಕ್ಕ. ಇಸ್ತ್ರಿ ಎಂದರೆ ನಾವು ನೀವು ಮನೆಯಲ್ಲಿ ಮೇಜಿನ ಮೇಲೆ ಎಳೆಯುತ್ತೇವಲ್ಲ, ಅದಲ್ಲ. ನಾಲ್ಕು ಆಸ್ಪತ್ರೆಗಳ ಹಾಸುಗೆ ಬಟ್ಟೆಯೆಲ್ಲ ಬಂದು ಬೀಳುವ ಜಾಗ ಅದು. ಎರಡಾಳುದ್ದದ ಬಿಸಿ ಉರುಳೆ ತಿರುಗುತ್ತಿರುತ್ತದೆ. ಅದರ ಬಾಯಿಗೆ ಇಬ್ಬರು ಹೆಂಗಸರು ನಿಂತು, ಹೊದಿಕೆಯ ಒಂದೊಂದು ತುದಿ ಹಿಡಿದು, ಒಂದೇ ಉಸಿರಿಗೆ ಝಾಡಿಸಿ ಒಳಗೆ ಕೊಡಬೇಕು. ಒಬ್ಬಳು ಮುಂದಾಗಿ ಇನ್ನೊಬ್ಬಳು ಹಿಂದುಳಿದರೆ ಬಟ್ಟೆ ಓರೆಯಾಗಿ ಸುಕ್ಕು ಬೀಳುತ್ತದೆ. ಗಂಡ ಹೆಂಡಿರ ಸಂಸಾರದ ಹಾಗೇ ಅನ್ನಿ. ಸಂಸಾರದಲ್ಲಿ ಸುಕ್ಕು ಬಿದ್ದರೆ ಬೈಯಲು ಸೂಪರ್‌ವೈಸರ್ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಅವಳ ಗಂಡನೂ ಅಲ್ಲೇ ಇದ್ದ, ಒಗೆಯುವ ಯಂತ್ರಗಳ ಕಡೆ. ಮಗಳನ್ನು ಅಜ್ಜಿಯ ಕೈಗಿತ್ತು ಇಬ್ಬರೂ ಒಟ್ಟಿಗೇ ಹೋದವರು. ಮೂರು ವರ್ಷದ ವೀಸಾ, ಮುಗಿದರೆ ಮತ್ತೆ ಮೂರು, ಐವತ್ತೈದು ತುಂಬಿತೋ ಗಂಟುಮೂಟೆ ಕಟ್ಟಬೇಕು. ಅವನು ಬಲು ಹಾಸ್ಯಗಾರ. ಮೊದಲನೇ ಸಂಬಳದ ಚೀಟಿ ಕೈಗೆ ಬಂದಾಗ ತೆರಿಗೆ ಒಂದು ಗೆರೆ, ಅದರ ಕೆಳಗೆ ಸಾಮಾಜಿಕ ವಿಮೆ ಇನ್ನೊಂದು ಗೆರೆ, ಎರಡೂ ಕಡೆ ಕತ್ತರಿ ಬಿದ್ದಿತ್ತು.

"ತೆರಿಗೆ ಬಿಡು, ರಾಜನ ಪಾಲು. ಈ ಎರಡನೇದು ಯಾವ ಇಲಿ ಕಡಿದದ್ದು?" ಎಂದು ಕೇಳಿದ.

"ಮುಪ್ಪಿಗೆ ಅಂತೆ ಕಣ್ರೀ," ಎಂದಳು ಇಸ್ತ್ರಿಯಕ್ಕ. "ನಾವು ಅರ್ಧ ಹಾಕಿದ್ರೆ ಕಂಪನಿ ಅರ್ಧ ಹಾಕುತ್ತಂತೆ. ಅರವತ್ತೈದಾದ ಮೇಲೆ ತಿಂಗಳು ತಿಂಗಳು ಕೊಡ್ತಾರಂತೆ."

"ಐವತ್ತೈದಕ್ಕೆ ಕತ್ತು ಹಿಡಿದು ದಬ್ಬೋರು ಅರವತ್ತೈದಕ್ಕೆ ಊಟಕ್ಕೆ ಕರೀತಾರಾ? ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೈಯೆಲ್ಲ ಸೋಪಾದ್ರೂ ಮೊಸರು ಇಲಿಗೆ."

ಅಲ್ಲಿಂದ ಮುಂದೆ ಹಾಸ್ಟೆಲ್ಲಿನ ನಾಲ್ಕೂ ಮಹಡಿಯಲ್ಲಿ ಆ ಗೆರೆಗೆ ಇಲಿ ಎಂದೇ ಹೆಸರಾಯಿತು. ಸಂಬಳದ ದಿನ ಮೆಟ್ಟಿಲ ಮೇಲೆ ಎದುರಾದವರು ಊಟ ಆಯಿತೇ ಎಂದು ಕೇಳುತ್ತಿರಲಿಲ್ಲ, "ನಿಮ್ಮ ಇಲಿ ಹೆಂಗಿದೆ, ದಪ್ಪ ಆಯ್ತಾ?" ಎಂದು ಕೇಳುತ್ತಿದ್ದರು.

ಇಲಿ ಕಡಿದದ್ದು ಪೂರಾ ಹೋಗುವುದಿಲ್ಲ ಎಂಬುದೂ ನಿಧಾನಕ್ಕೆ ತಿಳಿಯಿತು. ವೀಸಾ ಮುಗಿಸಿ ಒಂದೇ ಸಲಕ್ಕೆ ದೇಶ ಬಿಟ್ಟು ಹೋಗುವವರು ಅರ್ಜಿ ಹಾಕಿದರೆ, ಕಂಪನಿಯ ಪಾಲು ಸರ್ಕಾರಕ್ಕೆ ಉಳಿದು, ಅವರವರ ಪಾಲು ಅವರವರಿಗೆ ವಾಪಸು. ಆಮೇಲೆ ಆ ದೇಶದಲ್ಲಿ ನೀವು ದುಡಿದದ್ದಕ್ಕೆ ಗುರುತೇ ಇರುವುದಿಲ್ಲ.

ಆರು ವರ್ಷ ಹೀಗೆ ನಡೆಯಿತು. ಏಳನೆಯದಕ್ಕೆ ಕಾಲಿಟ್ಟಿದ್ದರು ಅಷ್ಟೇ, ಒಂದು ಮಧ್ಯಾಹ್ನ ಅವನು ಯಂತ್ರದ ಬಾಗಿಲು ತೆಗೆದು ಒದ್ದೆ ಬಟ್ಟೆ ಎಳೆಯುತ್ತಿದ್ದವನು ಹಾಗೇ ಅದರ ಮೇಲೆ ಒರಗಿದ. ದಣಿದು ಒರಗಿದ್ದಾನೆ ಎಂದೇ ಪಕ್ಕದವರು ತಿಳಿದದ್ದು. ಎದೆ ನಿಂತಿತ್ತು. ದೇಹವನ್ನು ಊರಿಗೆ ಕಳಿಸುವ ಖರ್ಚು ಇಸ್ತ್ರಿಯಕ್ಕನ ಕೈಗೆ ಮೀರಿದ್ದು. ಪುರಸಭೆಯ ಸ್ಮಶಾನದಲ್ಲಿ ಗೋಡೆಯ ಪಕ್ಕ, ಹೊರಗಿನವರಿಗೆಂದು ಬಿಟ್ಟ ಸಾಲಿನಲ್ಲಿ ಮಣ್ಣು ಮಾಡಿದರು. ಮೂರನೇ ದಿನ ಅವಳು ಉರುಳೆಯ ಮುಂದೆ ನಿಂತಿದ್ದಳು. ನಿಲ್ಲದೆ ಇನ್ನೇನು ಮಾಡಿಯಾಳು? ವೀಸಾ ಕೆಲಸಕ್ಕೆ ಕೊಟ್ಟದ್ದು, ಅಳುವುದಕ್ಕಲ್ಲ.

ಎಂಟು ವರ್ಷ ಒಬ್ಬಳೇ ದುಡಿದಳು. ಭಾನುವಾರ ಬಿಟ್ಟು ಭಾನುವಾರ ಬಸ್ಸು ಹತ್ತಿ ಸ್ಮಶಾನಕ್ಕೆ ಹೋಗಿ, ಗಂಡನ ಕಲ್ಲಿನ ಮೇಲಿನ ಎಲೆ ಗುಡಿಸಿ, ಬಾಟಲಿಯ ನೀರು ಸುರಿದು ಒರೆಸಿ, ಒಂದು ಗಳಿಗೆ ಕೂತು ಬರುತ್ತಿದ್ದಳು. ಕಾವಲುಗಾರನಿಗೂ ಅವಳಿಗೂ ಭಾಷೆ ಅಷ್ಟಕ್ಕಷ್ಟೇ, ಆದರೂ ಪೊರಕೆ ಯಾವಾಗಲೂ ಬಾಗಿಲ ಹಿಂದೆ ಎತ್ತಿಟ್ಟಿರುತ್ತಿದ್ದ. ಅಷ್ಟರೊಳಗೆ ಮಗಳ ಮದುವೆಯಾಗಿ, ಮೊಮ್ಮಗಳು ಹುಟ್ಟಿ, ಅದಕ್ಕೆ ಎರಡು ಕಿವಿಯೂ ಕೇಳಿಸುವುದಿಲ್ಲ ಎಂದು ತಿಳಿದು, ಅಯ್ಯೋ, ಆ ಕಥೆ ಹೇಳಹೊರಟರೆ ಇದು ನಿಂತುಹೋಗುತ್ತದೆ. ಐದು ತುಂಬುವುದರೊಳಗೆ ಕಿವಿಯೊಳಗೆ ಯಂತ್ರ ಕೂರಿಸಬೇಕು, ಆಮೇಲೆ ಮಾತು ಬರುವುದು ಕಷ್ಟ ಎಂದಿದ್ದರು ಡಾಕ್ಟರು. ಮಗುವಿಗೆ ನಾಲ್ಕು ದಾಟಿತ್ತು. ಇಸ್ತ್ರಿಯಕ್ಕನಿಗೆ ಐವತ್ತೈದು ತುಂಬಲು ಎರಡು ತಿಂಗಳಿತ್ತು. ತನ್ನ ಹದಿನಾಲ್ಕು ವರ್ಷದ ಇಲಿ, ಗಂಡನ ಆರು ವರ್ಷದ ಇಲಿ, ಎರಡೂ ಕೂಡಿದರೆ ಎರಡು ಕಿವಿಗೂ ಆಗುತ್ತದೆ ಎಂಬುದು ಅವಳ ಲೆಕ್ಕ.

ಅರ್ಜಿ ತುಂಬಿಸಿದವಳು ಸಂಬಳದ ಹುಡುಗಿ. ಹುಡುಗಿ ಎಂದರೂ ನಲವತ್ತರ ಮೇಲೆ. ನಮ್ಮ ಮಾತಿನವಳೇ, ಕಂಪನಿಯ ಆಫೀಸಿನಲ್ಲಿ ಕೂತು ಎಲ್ಲರ ಚೀಟಿ ಮಾಡುವವಳು. ಇಸ್ತ್ರಿಯಕ್ಕನ ಅರ್ಜಿ ಅವಳು ಹೊರಡುವ ಟಿಕೆಟ್ಟಿನ ತಾರೀಖು ಹಾಕಿ ಸಲೀಸಾಗಿ ಮುಗಿಯಿತು. ಗಂಡನದಕ್ಕೆ ಬಂದಾಗ ಒಂದು ಖಾನೆಯಲ್ಲಿ ಪೆನ್ನು ನಿಂತಿತು.

"ದೇಶ ಬಿಟ್ಟ ತಾರೀಖು ಅಂತ ಕೇಳಿದಾರೆ," ಎಂದಳು.

"ತೀರಿಕೊಂಡ ತಾರೀಖು ಹಾಕು."

ಹಾಕಿದಳು. ಮೂರು ವಾರಕ್ಕೆ ಅರ್ಜಿ ವಾಪಸು ಬಂತು. ವಿಮೆ ಕಚೇರಿಯವರು ಬರೆದದ್ದು ಇಷ್ಟು: ದೇಶ ಬಿಟ್ಟವರಿಗೆ ಮಾತ್ರ ಹಣ ವಾಪಸು. ಈ ಕೆಲಸಗಾರ ದೇಶ ಬಿಟ್ಟದ್ದಕ್ಕೆ ದಾಖಲೆಯಿಲ್ಲ.

ಇಸ್ತ್ರಿಯಕ್ಕನಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. "ನಿಜವೇ ಅಲ್ವೇನೇ? ಎಲ್ಲಿ ಬಿಟ್ಟಿದಾರೆ? ಗೋಡೆ ಪಕ್ಕ ಮಲಗಿದಾರೆ."

ಸಂಬಳದ ಹುಡುಗಿ ಅಲ್ಲಿ ಇಲ್ಲಿ ಫೋನು ಮಾಡಿ ಒಂದು ದಾರಿ ಹುಡುಕಿದಳು. ಮಣ್ಣು ಮಾಡಿ ಏಳು ವರ್ಷ ಕಳೆದಿದ್ದರೆ ಪುರಸಭೆಯವರು ಅಗೆದು, ಉಳಿದದ್ದನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಅದು ವಿಮಾನ ಹತ್ತಿತೆಂದು ಗಡಿಯವರು ಮುದ್ರೆ ಒತ್ತಿದರೆ, ಆ ತಾರೀಖನ್ನೇ ಖಾನೆಯಲ್ಲಿ ಬರೆಯಬಹುದು. ಖರ್ಚು? ಮೂಗಿಗಿಂತ ಮೂಗುತಿ ಭಾರ ಎನ್ನುವಷ್ಟಿಲ್ಲದಿದ್ದರೂ ಹತ್ತಿರ ಹತ್ತಿರ. ಗಂಡನ ಹಣದಲ್ಲಿ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಗುತ್ತದೆ.

ಇಸ್ತ್ರಿಯಕ್ಕ ಮಗಳಿಗೆ ಫೋನು ಮಾಡಿದಳು.

"ಅಷ್ಟು ಕೊಟ್ಟು ಅಪ್ಪನ್ನ ಅಗೆಸಬೇಕಾ?" ಎಂದಳು ಮಗಳು.

"ಅಗೆಸದೇ ಇದ್ರೆ ಅಷ್ಟೂ ಹೋಗುತ್ತಲ್ಲ ಮಗಾ. ಕಚೇರಿಯವರು ಹಂಗೇ ಅಂತಾರೆ, ನಾನೇನು ಮಾಡ್ಲಿ?"

"ಉಳಿದಿದ್ರಲ್ಲಿ ಒಂದು ಕಿವಿಗೆ ಆಗುತ್ತೆ. ಆಯ್ತು, ಒಂದಾದ್ರೂ ಆಗ್ಲಿ. ಇನ್ನೇನು ದಾರಿ?"

ಫೋನು ಇಟ್ಟ ಮೇಲೆ ಇಸ್ತ್ರಿಯಕ್ಕ ಹಾಸಿಗೆಯ ಮೇಲೆ ಕೂತಳು. ತನಗೆ ಸಂತೋಷವಾಗುತ್ತಿದೆ ಎಂದು ಆಗ ಅವಳಿಗೆ ಗೊತ್ತಾಯಿತು. ಎಂಟು ವರ್ಷದಿಂದ ಅವನನ್ನು ಊರಿಗೆ ಕರೆದೊಯ್ಯಬೇಕೆಂಬ ಆಸೆ ಹೊಟ್ಟೆಯಲ್ಲಿ ಕೂತಿತ್ತು. ಬಾಯಿ ಬಿಟ್ಟು ಹೇಳಿದರೆ ಹುಚ್ಚು ಎನ್ನುತ್ತಾರೆಂದು ಯಾರೆದುರೂ ತುಟಿ ಪಿಟಕ್ ಎಂದಿರಲಿಲ್ಲ. ಈಗ ಸರ್ಕಾರವೇ ಕರೆದುಕೊಂಡು ಹೋಗು ಎನ್ನುತ್ತಿದೆ! ಅವಳು ಕಾಡಬೇಕಿಲ್ಲ, ಬೇಡಬೇಕಿಲ್ಲ, ಮಗಳ ಮುಖ ನೋಡಬೇಕಿಲ್ಲ. ಮಾರನೇ ದಿನವೇ ಪುರಸಭೆಗೆ ಅರ್ಜಿ ಕೊಟ್ಟಳು. ಬರುವ ಗುರುವಾರಕ್ಕೆ ಕಾವಲುಗಾರ ಅಗೆಯುವವರನ್ನು ಗೊತ್ತು ಮಾಡಿದ. ಆ ವಾರ ಉರುಳೆಯ ಮುಂದೆ ಅವಳು ಹಾಡು ಗುನುಗುವುದನ್ನು ಕೇಳಿ ಜೋಡಿಯವಳು, ಅಂದರೆ ಬಟ್ಟೆಯ ಇನ್ನೊಂದು ತುದಿ ಹಿಡಿಯುವವಳು, ಕಿಚಾಯಿಸಿದಳು: "ಏನಕ್ಕಾ, ಹೊಸ ಮದುವಣಗಿತ್ತಿ ಹಂಗೆ ಆಡ್ತಾ ಇದ್ದೀ? ಗಂಡ ಕರ್ಕೊಂಡು ಹೋಗೋಕೆ ಬರ್ತಾನಾ?"

"ಅವರೆಲ್ಲಿ ಬರ್ತಾರೆ ಸೋಮಾರಿ. ನಾನೇ ಎತ್ಕೊಂಡು ಹೋಗ್ಬೇಕು," ಎಂದಳು ಇಸ್ತ್ರಿಯಕ್ಕ. ಇಬ್ಬರೂ ನಕ್ಕದ್ದಕ್ಕೆ ಬಟ್ಟೆ ಓರೆಯಾಗಿ ಬೈಸಿಕೊಂಡರು.

ಸೋಮವಾರ ಊಟದ ಹೊತ್ತಿಗೆ ಸಂಬಳದ ಹುಡುಗಿ ಓಡುತ್ತಲೇ ಬಂದಳು. ಮುಖ ಕಪ್ಪಿಟ್ಟಿತ್ತು. ಕೈಯಲ್ಲಿ ಒಂದೇ ಒಂದು ಹಾಳೆ.

"ಅಕ್ಕಾ, ನಂದು ತಪ್ಪಾಯ್ತು. ನಾನು ತಪ್ಪು ಅರ್ಜಿ ತುಂಬಿಸಿದ್ದು. ದೇಶ ಬಿಟ್ಟವರ ಅರ್ಜಿ ಅದು. ಸತ್ತವರ ಹೆಂಡತಿಗೆ ಅಂತ ಬೇರೆ ಇದೆ. ಬೇರೆಯವರ ಫೈಲು ನೋಡುವಾಗ ಇವತ್ತು ಸಿಕ್ತು. ಮರಣಪತ್ರ, ಮದುವೆ ಪತ್ರ ಎರಡೇ ಸಾಕು. ಆ ಖಾನೆನೇ ಇದರಲ್ಲಿಲ್ಲ. ಅಗೆಸೋದು ಬೇಡ, ಪೆಟ್ಟಿಗೆ ಬೇಡ. ಪೂರ್ತಿ ಹಣ ಬರುತ್ತೆ."

ಇಸ್ತ್ರಿಯಕ್ಕ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದಳು.

"ಯಾಕಕ್ಕಾ ಹಂಗೆ ನೋಡ್ತೀರಿ? ಖುಷಿ ವಿಷಯ ಅಲ್ವಾ?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಸಂಬಳದ ಹುಡುಗಿ ದಡ್ಡಿಯಲ್ಲ, ಸ್ವಲ್ಪ ಹೊತ್ತಿಗೆ ಅರ್ಥವಾಯಿತು. ಪಕ್ಕದ ಬೆಂಚಿನ ಮೇಲೆ ಕೂತು, ಹಾಳೆಯನ್ನು ಎರಡಾಗಿ ಮಡಿಸಿದಳು.

"ಅಕ್ಕಾ, ಇದು ನನ್ನ ನಿಮ್ಮ ಬಿಟ್ರೆ ಯಾರಿಗೂ ಗೊತ್ತಿಲ್ಲ. ನನಗೆ ಸಿಕ್ಕೇ ಇಲ್ಲ ಅಂದ್ಕೊಳ್ಳಿ. ಗುರುವಾರ ಆಗೋದು ಆಗ್ಲಿ."

"ಯೋಚನೆ ಮಾಡ್ತೀನಿ ತಾಯಿ," ಎಂದಳು ಇಸ್ತ್ರಿಯಕ್ಕ.

ಯೋಚನೆ ಏನು ಬಂತು ಹೇಳಿ? ಒಂದು ಕಿವಿ ಆಗುತ್ತದೆಂದು ಮಗಳೇ ಒಪ್ಪಿಯಾಗಿದೆ. ಒಂದು ಕಿವಿ ಕೇಳಿಸಿದರೂ ಮಗು ಮಾತಾಡುತ್ತದೆ ಎಂದು ಡಾಕ್ಟರೂ ಹೇಳಿಯಾಗಿದೆ. ಸುಮ್ಮನಿದ್ದರೆ ಸಾಕು, ಸುಳ್ಳೂ ಹೇಳಬೇಕಿಲ್ಲ. ಎಷ್ಟು ಜನ ಒಂದೇ ಕಣ್ಣಲ್ಲಿ, ಒಂದೇ ಕೈಯಲ್ಲಿ ಬಾಳಿ ಬದುಕಿಲ್ಲ? ಆ ಮನುಷ್ಯ ಅಲ್ಲಿ ಗೋಡೆ ಪಕ್ಕ, ಹೆಸರು ಓದಲು ಬಾರದವರ ಮಧ್ಯೆ, ಎಲೆ ಬಿದ್ದರೆ ಗುಡಿಸುವವರಿಲ್ಲದೆ... ಮಂಗಳವಾರವೆಲ್ಲ ಹೀಗೇ ಕಳೆಯಿತು. ಬುಧವಾರ ಬೆಳಿಗ್ಗೆ ಅವಳು ಒಂದು ಕೆಲಸ ಮಾಡಿದಳು. ಬಟ್ಟೆಯಂಚಿನಿಂದ ನೂಲು ಕಿತ್ತು ಉಂಡೆ ಮಾಡಿ ಎಡಗಿವಿಗೆ ತುರುಕಿಕೊಂಡು, ಮೇಲೆ ಅಂಗೈ ಒತ್ತಿ ಹಿಡಿದು, ಜೋಡಿಯವಳಿಗೆ, "ನಾನು ಕಣ್ಣು ಮುಚ್ಕೋತೀನಿ. ನೀನು ಎಲ್ಲಿಂದಾದ್ರೂ ಒಂದ್ಸಲ ನನ್ನ ಕೂಗು," ಎಂದಳು.

"ಏನಕ್ಕಾ, ತಲೆ ಕೆಟ್ಟಿದ್ಯಾ?"

"ಕೂಗೇ ಅಂದ್ರೆ."

ಯಂತ್ರಗಳ ಗದ್ದಲದ ನಡುವೆ "ಅಕ್ಕಾ" ಎಂದು ಕೇಳಿಸಿತು. ಇಸ್ತ್ರಿಯಕ್ಕ ಬಲಕ್ಕೆ ತಿರುಗಿ ಕಣ್ಣು ಬಿಟ್ಟಳು. ಅಲ್ಲಿ ಬಟ್ಟೆಯ ಗಾಡಿ ಮಾತ್ರ ಇತ್ತು. ಜೋಡಿಯವಳು ಎಡಕ್ಕೆ, ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತಿದ್ದಳು. ಇನ್ನೊಂದು ಸಲ ಕೂಗಿಸಿದಳು. ಮತ್ತೆ ಬಲಕ್ಕೇ ತಿರುಗಿದಳು. ರಸ್ತೆ ದಾಟುವಾಗ ತಾಯಿ ಕೂಗಿದರೆ ಮಗು ಯಾವ ಕಡೆ ತಿರುಗೀತು? ಅವಳು ನೂಲು ಕಿತ್ತೆಸೆದು ಕೆಲಸಕ್ಕೆ ನಿಂತಳು.

ಮಧ್ಯಾಹ್ನ ಅರ್ಧ ದಿನ ರಜೆ ಕೇಳಿ ಸ್ಮಶಾನಕ್ಕೆ ಹೋದಳು. ಕಾವಲುಗಾರನಿಗೆ ಕೈಯಲ್ಲಿ ಅಗೆಯುವ ಹಾಗೆ ತೋರಿಸಿ, ಆಮೇಲೆ ಬೇಡ ಎಂದು ಕೈಯಾಡಿಸಿದಳು. ಅವನಿಗೆ ತಿಳಿಯಲಿಲ್ಲ. ನಾಳೆ, ನಾಳೆ, ಎಂದು ಬೆರಳು ತೋರಿಸಿದ. ಅವಳು ಮತ್ತೆ ಬೇಡ ಎಂದಳು. ಮೂರನೇ ಸಲಕ್ಕೆ ಗೊತ್ತಾಗಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ನಿಂತ. ಅವಳು ಕಲ್ಲಿನ ಪಕ್ಕ ಕೂತು ಗಂಡನಿಗೆ ವಿಷಯ ಹೇಳಿದಳು. ಬೈದಳು ಎಂದರೂ ಸರಿಯೇ.

"ಬದುಕಿದ್ದಾಗ ಒಂದು ಕೆಲ್ಸ ನೆಟ್ಟಗೆ ಮುಗಿಸಿ ಕೊಟ್ಟವರಲ್ಲ. ಈಗ ನೋಡಿ, ನೀವು ಇಲ್ಲೇ ಇದ್ರೆ ಮಗುಗೆ ಎರಡು ಕಿವಿ, ನನ್ ಜೊತೆ ಬಂದ್ರೆ ಒಂದು. ನಾನೇನು ಮಾಡ್ಲಿ, ನೀವೇ ಹೇಳಿ. ಹೇಳಲ್ಲ ಅಲ್ವಾ? ಯಾವಾಗ ಹೇಳಿದೀರಿ."

ಆಮೇಲೆ ಆಫೀಸಿಗೆ ಹೋಗಿ ಹೊಸ ಹಾಳೆಗೆ ಸಹಿ ಹಾಕಿದಳು. ಸಂಬಳದ ಹುಡುಗಿ ತಲೆ ಎತ್ತಲಿಲ್ಲ.

ಕೊನೆಯ ದಿನ ಜೋಡಿಯವಳು ಅವಳ ಪೆಟ್ಟಿಗೆಯ ಮೇಲೆ ಕೂತು ಮುಚ್ಚಳ ಒತ್ತುತ್ತಿದ್ದಾಗ ತಾನಾಗಿ ಕೇಳಿದಳು: "ಬಸ್ಸು ಎಷ್ಟನೇ ನಂಬರು ಅಕ್ಕಾ, ಅಲ್ಲಿಗೆ?"

"ಯಾಕೆ?"

"ನನ್ ವೀಸಾ ಇನ್ನೂ ಎರಡು ವರ್ಷ ಮೂರು ತಿಂಗಳಿದೆ. ಅಲ್ಲಿವರೆಗೆ ಹೋಗಿ ಗುಡಿಸಿ ಬರ್ತೀನಿ. ಆಮೇಲಿಂದು ನನ್ ಕೈಲಿಲ್ಲ."

ಇಸ್ತ್ರಿಯಕ್ಕ ನಂಬರು ಹೇಳಿದಳು. ಇಳಿಯುವ ಸ್ಟಾಪನ್ನು ಎರಡು ಸಲ ಹೇಳಿದಳು.

ಊರಿಗೆ ಬಂದಳು. ಮಗಳು, ಅಳಿಯ ಇಬ್ಬರೂ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಮೊಮ್ಮಗಳು ಅಜ್ಜಿಯ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಮಡಿಲಲ್ಲೇ ನಿದ್ದೆ ಹೋಯಿತು. ಮನೆಗೆ ಬಂದು ಊಟಕ್ಕೆ ಕೂತಾಗ ಮಗಳು ಪೆಟ್ಟಿಗೆಗಳ ಕಡೆ ನೋಡಿ, "ಅಮ್ಮಾ, ಅಪ್ಪನ್ನ ತರ್ತೀನಿ ಅಂದಿದ್ಯಲ್ಲ?" ಎಂದಳು.

"ಬೇರೆ ಕಾಗದ ಇತ್ತಂತೆ. ಕೊನೇಲಿ ಸಿಕ್ತು. ತರೋದು ಬೇಕಾಗ್ಲಿಲ್ಲ. ಹಣ ಪೂರ್ತಿ ಬರುತ್ತೆ, ಎರಡು ಕಿವಿಗೂ ಆಗುತ್ತೆ."

ಮಗಳು ಬಡಿಸುವ ಸೌಟು ಹಿಡಿದೇ ಕೂತುಬಿಟ್ಟಳು. ಕಣ್ಣು ತುಂಬಿ ಬಂತು ಅವಳಿಗೆ.

"ಸದ್ಯ ಅಮ್ಮ! ನನಗೆ ಅದೇ ಯೋಚನೆ ಆಗಿತ್ತು. ನೀನೊಬ್ಳೇ ಅಷ್ಟು ದೂರದಿಂದ ಆ ಪೆಟ್ಟಿಗೆ ಹಿಡ್ಕೊಂಡು ಹೆಂಗೆ ಬರ್ತೀಯೋ ಅಂತ. ಒಳ್ಳೇದೇ ಆಯ್ತು ಬಿಡು."

"ಹೂಂ," ಎಂದಳು ಇಸ್ತ್ರಿಯಕ್ಕ. "ಒಳ್ಳೇದೇ ಆಯ್ತು."

ಮಗಳು ಇನ್ನೊಂದು ಸೌಟು ಬಡಿಸಿದಳು. ಅವಳು ಬೇಡ ಎನ್ನಲಿಲ್ಲ. ತಲೆ ತಗ್ಗಿಸಿ ಅಷ್ಟನ್ನೂ ಉಂಡಳು.