ಗುಂಗುರನ ಗುಂಗು

ತಮ್ಮನಿಗೆ ಹುಟ್ಟಿನಿಂದ ಇದ್ದದ್ದು ಪೊರಕೆ ಕಡ್ಡಿಯಂಥ ನೆಟ್ಟಗಿನ ಕೂದಲು. ತನ್ನ ಪಾರ್ಲರಿನ ಕುರ್ಚಿಯಲ್ಲಿ ಕೂರಿಸಿ, ಮೂಗಿಗೆ ಹತ್ತುವ ಔಷಧಿ ಹಚ್ಚಿ ಅದನ್ನು ಸುರುಳಿ ಮಾಡಿದವಳು ಅಕ್ಕ. ಹುಡುಗರ ಹಾಡಿನ ತಂಡ ಕಟ್ಟುತ್ತಿದ್ದ ಮ್ಯಾನೇಜರು ಆ ಸುರುಳಿ ನೋಡಿಯೇ ಅವನನ್ನು ಆರಿಸಿದ. ಕಂಠ ಕೇಳುವ ಗೋಜಿಗೇ ಹೋಗಲಿಲ್ಲ. ಹಾಡಲು ಹಿಂದಿನ ಸಾಲಿನಲ್ಲಿ ಒಬ್ಬ ದಡಿಯ ಇದ್ದನಲ್ಲ!

ತಂಡ ಹೆಸರು ಮಾಡಿತು. ದಡಿಯ ಬೆವರು ಸುರಿಸಿ ಹಾಡುವನು, ಮುಂದೆ ನಿಂತ ತಮ್ಮ ತಲೆ ಕೊಡವುವನು, ಹುಡುಗಿಯರು "ಗುಂಗುರೂ!" ಎಂದು ಕಿರುಚುವರು. ಕೇಳಿ ಕೇಳಿ ಅವನ ಕಾಲು ನೆಲದ ಮೇಲೆ ನಿಲ್ಲದಾಯಿತು.

"ಅಕ್ಕಾ, ಜನ ಬರೋದೇ ನನಗೋಸ್ಕರ. ಉಳಿದವರನ್ನ ನಾನ್ಯಾಕೆ ಹೊತ್ಕೊಂಡು ತಿರುಗ್ಲಿ? ಇನ್ಮೇಲೆ ಒಬ್ನೇ ಹಾಡ್ತೀನಿ."

"ಹಾಡ್ತೀಯಾ?" ಅಕ್ಕ ಅವನ ತಲೆಯಿಂದ ರೋಲರ್ ಬಿಚ್ಚುತ್ತಾ ಕೇಳಿದಳು. "ಯಾವಾಗ ಕಲಿತೆ?"

"ನಿಂಗೆ ಹೊಟ್ಟೆಕಿಚ್ಚು."

ಒಬ್ಬನೇ ಹಾಡಿದ ಮೊದಲ ಕಾರ್ಯಕ್ರಮಕ್ಕೆ ಸಭಾಂಗಣ ತುಂಬಿತ್ತು. ಎರಡನೇ ಹಾಡಿಗೆ ಜನ ಮುಖ ಮುಖ ನೋಡಿಕೊಂಡರು. ಸ್ವರ ಮೇಲೇರಬೇಕಾದ ಕಡೆ ಅವನು ಮೈಕನ್ನು ಸಭೆಯತ್ತ ಚಾಚಿ "ಈಗ ನೀವು ಹಾಡಿ!" ಎಂದ. ಹೊಸ ಹಾಡು, ಯಾರಿಗೆ ಬರಬೇಕು? ಮಕ್ಕಳನ್ನು ಕರೆತಂದಿದ್ದ ಅಮ್ಮಂದಿರು ಬ್ಯಾಗು ಹುಡುಕತೊಡಗಿದರು.

"ಸೌಂಡ್ ಸರಿ ಇರ್ಲಿಲ್ಲ," ಎಂದ ಮನೆಗೆ ಬಂದು.

"ಕುಣಿಯಲಾರದವಳಿಗೆ ನೆಲ ಡೊಂಕಂತೆ," ಎಂದಳು ಅಕ್ಕ.

ಆಮೇಲಿನ ಕಾರ್ಯಕ್ರಮಗಳಲ್ಲಿ ಕುರ್ಚಿಗಳೇ ಹೆಚ್ಚು, ಕೂರುವವರೇ ಕಡಿಮೆ. ಅಷ್ಟರಲ್ಲಿ ಮ್ಯಾನೇಜರು ಇನ್ನೊಬ್ಬ ಹುಡುಗನನ್ನು ಪಾರ್ಲರಿಗೆ ಕರೆತಂದ. "ಅಕ್ಕಾವ್ರೇ, ನಿಮ್ ತಮ್ಮಂಗೆ ಮಾಡಿದ್ರಲ್ಲ, ಇವನಿಗೂ ಹಾಗೇ ಮಾಡಿಕೊಡಿ."

ತಮ್ಮನೆಂದರೆ ಒಡಹುಟ್ಟಿದವನಲ್ಲವೇ, ಅಕ್ಕನ ಕೈ ಅರೆಗಳಿಗೆ ತಡೆಯಿತು. ಕಾಯುತ್ತಿದ್ದ ಹುಡುಗ ತನ್ನಷ್ಟಕ್ಕೆ ಏನೋ ಗುನುಗಿದ. ಶ್ರುತಿ ತಪ್ಪಲಿಲ್ಲ.

"ಕೂತ್ಕೊಳಪ್ಪ," ಎಂದಳು.

ತಂಡದ ಮುಂದಿನ ಕಾರ್ಯಕ್ರಮಕ್ಕೆ ತಮ್ಮ ಹಟ ಹಿಡಿದು ಅಕ್ಕನನ್ನೂ ಎಳೆದುಕೊಂಡು ಹೋದ, ತಾನಿಲ್ಲದೆ ಅವರು ನೆಲಕಚ್ಚುವುದನ್ನು ಕಣ್ಣಾರೆ ನೋಡಲು. ಪರದೆ ಸರಿದದ್ದೇ ತಡ, "ಗುಂಗುರೂ!" ಎಂದು ಸಭೆ ಭೋರ್ಗರೆಯಿತು. ಅಭ್ಯಾಸಬಲ, ತಮ್ಮ ಎದ್ದು ನಿಂತು ಕೈ ಬೀಸಿದ.

"ಅಂಕಲ್, ಕೂತ್ಕೊಳ್ಳಿ, ಕಾಣ್ತಿಲ್ಲ," ಎಂದಳು ಹಿಂದಿನ ಹುಡುಗಿ.

ಕೂತ. ವೇದಿಕೆಯ ಮೇಲೆ ಹೊಸಬ ತಲೆ ಕೊಡವುತ್ತಿದ್ದ, ಹಾಡುತ್ತಲೂ ಇದ್ದ.

"ಆ ಕೂದಲು ಯಾರು ಮಾಡಿದ್ದು?"

"ನಾನೇ."

ಈಗಲಾದರೂ ಇವನ ಕಣ್ಣು ತೆರೆದೀತು ಎಂದು ಅಕ್ಕ ಕಾದಳು. ತಮ್ಮ ಮುಂದೆ ಬಾಗಿ ದಿಟ್ಟಿಸಿ ನೋಡಿ, "ನನಗೆ ಒಪ್ಪಿದಷ್ಟು ಅವನಿಗೆ ಒಪ್ಪಲ್ಲ ಬಿಡು," ಎಂದ.

ಅವಳು ಹಣೆ ಚಚ್ಚಿಕೊಂಡಳು.

ಅಂಗಡಿ ಉದ್ಘಾಟನೆಗಳಲ್ಲಿ ರಿಬ್ಬನ್ ಪಕ್ಕ ನಿಲ್ಲಲು ಅವನನ್ನು ಈಗಲೂ ಕರೆಯುತ್ತಾರೆ. ಹಾಡಬಾರದೆಂದು ಮೊದಲೇ ಮಾತಾಗಿರುತ್ತದೆ. ಕೇಳಿದವರಿಗೆ ಅವನು ಹೇಳುವುದು ಮಾತ್ರ, "ಗಂಟಲಿಗೆ ಸ್ವಲ್ಪ ರೆಸ್ಟ್ ಕೊಟ್ಟಿದೀನಿ."