ಹಂದರಗಂಬದ ತಗ್ಗು

ಬೆಳಿಗ್ಗೆ ನಳದ ನೀರು ಹಿಡಿದೆ. ಗಿರಣಿಗೆ ಜೋಳ ಕೊಟ್ಟು ಬಂದೆ. ಮೆಣಸಿನಕಾಯಿ ಬಿಸಿಲಿಗೆ ಹರವಿದೆ. ಆಮೇಲೆ ಎದುರುಮನೆಯ ಈರಣ್ಣನವರಿಗೆ ಒಂದು ಕೊಡ ನೀರು ಕೊಟ್ಟೆ. ಕುಡಿಯಲಿಕ್ಕಲ್ಲ, ರಸ್ತೆಯ ತಗ್ಗು ಮುಚ್ಚಲಿಕ್ಕೆ.

ಆದೋನಿಯ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಬಂದದ್ದೇ ತಡವಾಗಿ. (ಅದಕ್ಕಾಗಿ ಎಷ್ಟು ಸಲ ಮುನ್ಸಿಪಾಲಿಟಿ ಮೆಟ್ಟಿಲು ಹತ್ತಿದೆವೋ!) ಬಂದ ವರ್ಷವೇ ಈರಣ್ಣನವರ ಮಗಳು ಸುಜಾತಳ ಮದುವೆ. ಮದುವೆಮನೆಯ ಮುಂದೆ ಹಂದರಗಂಬ ನೆಲದಲ್ಲೇ ನಿಲ್ಲಬೇಕು. ನೆಲ ಎಲ್ಲಿದೆ? ಈರಣ್ಣ ಹಾರೆ ತಂದು ಹೊಸ ರಸ್ತೆಯನ್ನೇ ಒಡೆದರು. ನಾವೆಲ್ಲ ಕಂಬಕ್ಕೆ ಅರಿಶಿನ ಹಚ್ಚಿ ಆರತಿ ಬೆಳಗಿದೆವು.

ಮದುವೆ ಮುಗಿಯಿತು. ಕಂಬ ಹೋಯಿತು. ತಗ್ಗು ಉಳಿಯಿತು. ಮಳೆ ಬಿತ್ತು, ನೀರಿನ ಟ್ಯಾಂಕರ್ ಓಡಾಡಿತು, ತಗ್ಗು ಬೆಳೆಯಿತು.

ಮುಚ್ಚಿಸಿ ಎಂದು ಕೌನ್ಸಿಲರ್ ಹತ್ತಿರ ಹೋದೆವು.

"ಬಜೆಟ್ ಲೇದಮ್ಮಾ, ರೊಕ್ಕಿಲ್ಲ! ನಾವು ಒಂದ್ ಓಣ್ಯಾಗ ತಗ್ಗು ಮುಚ್ಚೂದ್ರಾಗ ನೀವು ಇನ್ನೊಂದ್ ಓಣ್ಯಾಗ ಮದುವಿ ಮಾಡ್ತೀರಿ."

ನಕ್ಕರು. ನಾವೂ ನಕ್ಕೆವು. ರಿಪೇರಿಯ ಹಣ ದೊಡ್ಡ ರಸ್ತೆಗಳಿಗೇ ಸಾಲದು. ಉಳಿದ ಚೂರುಪಾರಿನಲ್ಲಿ ಸವೆದ ರಸ್ತೆ ನೋಡಬೇಕೋ, ನಾವು ಒಡೆದ ರಸ್ತೆ ನೋಡಬೇಕೋ? ನೀವೇ ಹೇಳಿ.

ಹೋದ ತಿಂಗಳು ಸುಜಾತ ಹೆರಿಗೆಗೆಂದು ತವರಿಗೆ ಬಂದಳು. ಮನೆಯ ಮುಂದೆಯೇ ಆಟೋದ ಗಾಲಿ ಆ ತಗ್ಗಿಗೆ ಇಳಿದು ಆಟೋ ಮಗುಚಿತು.

ಮಗು ಉಳಿಯಲಿಲ್ಲ.

ಇವತ್ತು ಈರಣ್ಣ ತಾವೇ ಉಸುಕು, ಸಿಮೆಂಟು ತಂದು ಕಲಸುತ್ತಿದ್ದರು. ನಾನು ನೀರು ಸುರಿಯುತ್ತ ನಿಂತೆ.

"ನನ್ನ ಕೈಯಾರೆ ತೋಡಿದ್ದು, ತಂಗೆಮ್ಮಾ."

"ಎಲ್ಲಾರೂ ತೋಡ್ತಾರ ಬಿಡಣ್ಣಾ," ಅಂದೆ. (ಇದೂ ಒಂದು ಸಮಾಧಾನವೇ?)

ಅಷ್ಟರಲ್ಲಿ ಮೂಲೆಮನೆಯ ಪದ್ದಕ್ಕ ಬಂದಳು. ಅವಳ ಮಗನ ಮದುವೆ ಹತ್ತಿರ ಬಂದಿದೆ. ನಾಳೆ ಹಂದರ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು.

"ನಿಮ್ಮನ್ಯಾಗ ಹಾರಿ ಐತೇನು?"

"ಉಸುಕು ತುಂಬಿದ ಡಬ್ಬ್ಯಾಗ ಕಂಬ ನಿಲ್ಲಿಸಬಾರ್ದೇನಕ್ಕಾ?"

"ಹಂದರಗಂಬ ಡಬ್ಬ್ಯಾಗ ನಿಲ್ಲಸ್ತಾರೇನು? ನಾಳೆ ಹುಡುಗುರಿಗೆ ಏನರ ಆದ್ರ?"

ಈರಣ್ಣನವರಿಗೆ ಕೇಳಿಸಿತು. ಕೈ ತೊಳೆದುಕೊಂಡು ಒಳಗೆ ಹೋದವರು ಹಾರೆ ಹಿಡಿದು ಬಂದರು.

"ತಗೋ ಅಕ್ಕಾ. ಶುಭದ ಕೆಲಸಕ್ಕ ಇಲ್ಲ ಅನಬಾರ್ದು. ಮುಗಿದಿಂದ ಮುಚ್ಚಿಸು, ಅಷ್ಟ."

"ಮುನ್ಸಿಪಾಲ್ಟ್ಯೋರಿಗೆ ಹೇಳ್ತೀನಿ ಬಿಡಣ್ಣಾ," ಎಂದಳು. ನಿಜವಾಗಿಯೂ ನಂಬಿಯೇ ಹೇಳಿದಳು.

ರಾತ್ರಿ ನಮ್ಮಲ್ಲಿ ರೊಟ್ಟಿ, ಪುಂಡಿಪಲ್ಯ. ಎದುರುಮನೆಗೂ ಒಂದು ಡಬ್ಬಿ ಕೊಟ್ಟೆ. ಸುಜಾತ ಅರ್ಧ ರೊಟ್ಟಿ ತಿಂದಳಂತೆ. ಹಸಿ ಸಿಮೆಂಟಿನ ಸುತ್ತ ಕಲ್ಲಿಟ್ಟು ಈರಣ್ಣ ಇನ್ನೂ ಕಟ್ಟೆಯ ಮೇಲೆ ಕೂತಿದ್ದರು.

ಓಣಿಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದವಳು ಪದ್ದಕ್ಕ. ನಸುಕಿಗೇ ಎದ್ದು ತೋಡಿಸಬೇಕಲ್ಲ?